ವರ್ಣಭೇದ ಅಳಿಸಲು ದುಡಿದವರಿಗೆ ಊರಿನ ಪ್ರಶಸ್ತಿ: ಯಾರಿಗೆ ಕೊಡಬೇಕು, ಯಾರು ಆರಿಸಬೇಕು?

ಅಘನಾಶಿನಿ, ಶಿರಸಿ:

ಮಾನ್ಯರೇ,

ಶಿರಸಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗವು ಮುಂದಿನ ವರ್ಷದಿಂದ ಒಂದು ಪ್ರಶಸ್ತಿಯನ್ನು ಆರಂಭಿಸಲು ತೀರ್ಮಾನಿಸಿದೆ. ಮೈಬಣ್ಣ, ಬುಡಕಟ್ಟು, ಹುಟ್ಟಿದ ಕುಲ ಇವುಗಳ ಕಾರಣಕ್ಕೆ ಮನುಷ್ಯರನ್ನು ಕೀಳಾಗಿ ಕಾಣುವ ರೂಢಿಯನ್ನು ಅಳಿಸಲು ಮತ್ತು ದೂರ ಇಡಲ್ಪಟ್ಟವರನ್ನು ಊರಿನ ಬದುಕಿನೊಳಗೆ ಸಮಾನರಾಗಿ ಕರೆದುಕೊಳ್ಳಲು ದುಡಿದವರನ್ನು ಉತ್ತರ ಕನ್ನಡ ಜಿಲ್ಲೆಯ ಮಟ್ಟದಲ್ಲಿ ಗುರುತಿಸುವುದು ಇದರ ಉದ್ದೇಶ.

ವರ್ಣಭೇದವೆಂಬುದು ದಕ್ಷಿಣ ಆಫ್ರಿಕಾದ ಅಥವಾ ಅಮೆರಿಕದ ಸಂಗತಿ, ನಮ್ಮಲ್ಲಿ ಅದರ ಹೆಸರೆತ್ತುವುದೇಕೆ ಎಂದು ಮೊದಲ ಸಭೆಯಲ್ಲಿ ಕೆಲವರು ಕೇಳಿದರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದಿಳಿದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಆಫ್ರಿಕನ್ನರ ಸಂತತಿಯಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತ ನಮ್ಮ ನಡುವೆಯೇ ಬದುಕುವ ಅವರನ್ನು ಪೇಟೆಯ ಬಸ್ ನಿಲ್ದಾಣದಲ್ಲಿ ಇಂದಿಗೂ ದಿಟ್ಟಿಸಿ ನೋಡುವವರಿರುವಾಗ ಈ ಪ್ರಶ್ನೆ ಹೊರದೇಶದ್ದಾಗುವುದು ಹೇಗೆಂಬುದು ನನ್ನ ಉತ್ತರವಾಗಿತ್ತು. ಹಾಲಕ್ಕಿ ಒಕ್ಕಲಿಗರು, ಜೋಯಿಡಾದ ಕುಣಬಿಗಳು, ಗೌಳಿಗಳು ಅನುಭವಿಸುವ ತಾತ್ಸಾರವೂ ಇದೇ ಬೇರಿನದು ಎಂದು ನಾನು ನಂಬಿದ್ದೇನೆ.

ಪ್ರಶಸ್ತಿಯನ್ನು ಮಾರ್ಚ್ 21ರಂದು ಕೊಡಬೇಕೆಂಬ ಸಲಹೆ ಬಂದಿದೆ. 1960ರ ಆ ದಿನ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಕಪ್ಪು ಜನರ ಓಡಾಟವನ್ನು ಪರವಾನಗಿ ಪತ್ರದಿಂದ ನಿರ್ಬಂಧಿಸುತ್ತಿದ್ದ ಪಾಸ್ ಕಾಯ್ದೆಗಳನ್ನು ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. 1966ರಲ್ಲಿ ವಿಶ್ವಸಂಸ್ಥೆಯು ಅದನ್ನು ಜನಾಂಗೀಯ ತಾರತಮ್ಯ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನವೆಂದು ಸಾರಿತು.

ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಟ್ಟು, ಮರುದಿನದ ಪತ್ರಿಕೆಯಲ್ಲಿ ಒಂದು ಫೋಟೊ ಬಂದಲ್ಲಿಗೆ ಎಲ್ಲವೂ ಮುಗಿಯುವ ಸನ್ಮಾನಗಳು ಜಿಲ್ಲೆಯಲ್ಲಿ ಸಾಕಷ್ಟಿವೆ. ಇದು ಅವುಗಳಲ್ಲಿ ಒಂದಾಗಬಾರದೆಂಬುದು ನಮ್ಮ ಕಳಕಳಿ. ಯಾವ ಬಗೆಯ ಕೆಲಸವನ್ನು ಗುರುತಿಸಬೇಕು, ಆಯ್ಕೆ ಯಾರ ಕೈಯಲ್ಲಿರಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬೇಡ್ತಿ ದಂಡೆ, ಯಲ್ಲಾಪುರ:

ಅಘನಾಶಿನಿಯವರಿಗೆ ನಮಸ್ಕಾರ. ನಾನು ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಾಸ್ತರನಾಗಿ ಕೆಲಸ ಮಾಡಿ ನಿವೃತ್ತನಾದವನು. ತಾವು ಕೇಳಿದ ಮೊದಲ ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ.

ಸಮಾನತೆಯ ಬಗ್ಗೆ ಚೆನ್ನಾಗಿ ಮಾತನಾಡುವವರಿಗೆ ಈ ಪ್ರಶಸ್ತಿಯನ್ನು ಕೊಡಬೇಡಿ. ಅವರಿಗೆ ವೇದಿಕೆಗಳು ಈಗಾಗಲೇ ಇವೆ. ಯಾರಿಂದಾಗಿ ಒಂದು ಊರಿನ, ಒಂದು ಶಾಲೆಯ, ಒಂದು ಮನೆಯ ನಡಾವಳಿ ಬದಲಾಯಿತೋ, ಮತ್ತು ಆ ಬದಲಾವಣೆ ಅವರು ಅಲ್ಲಿಂದ ಹೋದ ಮೇಲೂ ಉಳಿಯಿತೋ ಅಂಥವರನ್ನು ಹುಡುಕಿ.

ಒಂದು ಉದಾಹರಣೆ ಕೊಡುತ್ತೇನೆ. ಅಕ್ಷರ ದಾಸೋಹ ಶುರುವಾದ ಹೊಸತರಲ್ಲಿ ಕಾಡಂಚಿನ ಒಂದು ಶಾಲೆಗೆ ಸಿದ್ದಿ ಸಮುದಾಯದ ಹೆಂಗಸೊಬ್ಬರು ಅಡುಗೆಗೆ ನೇಮಕವಾದರು. ಎರಡನೆಯ ದಿನವೇ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಇನ್ನು ಕೆಲವರು ಹೊಟ್ಟೆನೋವೆಂದು ಹೇಳಿ ಊಟದ ಹೊತ್ತಿಗೆ ಮನೆಗೆ ಹೋಗತೊಡಗಿದರು. ಅಲ್ಲಿನ ಅಕ್ಕೋರು, ಅಂದರೆ ಶಿಕ್ಷಕಿ, ಯಾರನ್ನೂ ಗದರಲಿಲ್ಲ, ಮೇಲಿನವರಿಗೆ ಪತ್ರವನ್ನೂ ಬರೆಯಲಿಲ್ಲ. ಮಕ್ಕಳೆಲ್ಲರ ಎದುರು ಅವರು ಮೊದಲ ತಟ್ಟೆ ತಾವು ಹಾಕಿಸಿಕೊಂಡು, ಅಡುಗೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವೂ ಉಂಡರು. ಸಂಜೆ ಶಾಲೆ ಬಿಟ್ಟ ಮೇಲೆ ಡಬ್ಬಿ ತರುವ ಮಕ್ಕಳ ಮನೆಗೆ ಒಂದೊಂದಾಗಿ ಹೋಗಿ, ಜಗುಲಿಯಲ್ಲಿ ಕುಳಿತು, ಹಿರಿಯರೊಂದಿಗೆ ಮಾತನಾಡಿದರು. ಕೆಲವು ಮನೆಗಳಲ್ಲಿ ಅವರಿಗೆ ಕುಡಿಯಲು ಏನಾದರೂ ಬೇಕೇ ಎಂದು ಕೇಳುವ ಸೌಜನ್ಯವೂ ಸಿಗಲಿಲ್ಲವೆಂದು ಆಮೇಲೆ ನನಗೆ ತಿಳಿಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅಕ್ಕೋರಿಗೆ ವರ್ಗವಾಯಿತು, ಪಂಕ್ತಿ ಮುರಿಯಲಿಲ್ಲ. ಅವರಿಗೆ ಈವರೆಗೆ ಯಾವ ಪ್ರಶಸ್ತಿಯೂ ಬಂದಿಲ್ಲ, ಏಕೆಂದರೆ ಅವರು ಮಾಡಿದ್ದು ಅರ್ಜಿಯ ಯಾವ ಕಾಲಮ್ಮಿನಲ್ಲೂ ಬರೆಯಲಾಗದಂಥ ಕೆಲಸ. ತಮ್ಮ ಪ್ರಶಸ್ತಿಗೆ ಅರ್ಥ ಬರುವುದು ಇಂಥವರನ್ನು ಕಂಡುಹಿಡಿದಾಗ.

ಇದೇ ದೃಷ್ಟಿಯಿಂದ ತೋಟದ ಕೆಲಸದ ಕಡೆಗೂ ನೋಡಬೇಕು. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಬಂದವರಿಗೆ ಅಂಗಳದ ಮೂಲೆಯಲ್ಲಿ ಬೇರೆಯಾಗಿ ಇಟ್ಟ ಲೋಟದಲ್ಲಿ ಚಹಾ ಕೊಡುವ ಮನೆಗಳು ಇನ್ನೂ ಇವೆ; ಆ ಲೋಟವನ್ನು ತೆಗೆದುಹಾಕಿ, ಎಲ್ಲರನ್ನೂ ಒಂದೇ ಜಗುಲಿಯಲ್ಲಿ ಕೂರಿಸಿದ ಮನೆಗಳೂ ಇವೆ. ಹಾಗೆ ಮಾಡಿದ ಮೊದಲ ಮನೆಯವರು ನೆಂಟರಿಷ್ಟರಿಂದ ಕೇಳಿದ ಮಾತುಗಳು ಕಡಿಮೆಯೇನಲ್ಲ. ಅವರನ್ನೂ ಗಣನೆಗೆ ತೆಗೆದುಕೊಳ್ಳಿ.

ದಿನಾಂಕದ ಬಗ್ಗೆ ಒಂದು ಮಾತು. ಮಾರ್ಚ್ 21 ಪರೀಕ್ಷೆಯ ಕಾಲ. ಮೇಲಾಗಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯೂ ಆ ತಿಂಗಳ ಆಸುಪಾಸಿನಲ್ಲಿಯೇ ಬರುತ್ತದೆ. ಆದಿವಾಸಿಗಳ ದಿನವಾದ ಆಗಸ್ಟ್ 9 ಎಂದರೆ ಘಟ್ಟದ ಮಳೆಯಲ್ಲಿ ಒಳಹಳ್ಳಿಗಳಿಂದ ಯಾರೂ ಬರಲಾರರು. ಅಡಿಕೆ ಕೆಲಸ ಮುಗಿದ ಮೇಲೆ, ಪರೀಕ್ಷೆಗಿಂತ ಮೊದಲು ಒಂದು ಭಾನುವಾರವನ್ನು ನೋಡಿ.

ಸದಾಶಿವಗಡ, ಕಾರವಾರ:

ಮಾಸ್ತರರ ಮಾತಿಗೆ ನನ್ನ ಪೂರ್ಣ ಸಹಮತಿ ಇದೆ. ವಕೀಲನಾಗಿ ಕೆಲವು ಅಂಶಗಳನ್ನು ಸೇರಿಸಲು ಬಯಸುತ್ತೇನೆ.

ಇದು ನಮ್ಮ ದೇಶದ ಸಂಗತಿಯಲ್ಲ ಎನ್ನುವವರಿಗೆ ಒಂದು ವಿಷಯವನ್ನು ನೆನಪಿಸಬಹುದು. ಎಲ್ಲ ಬಗೆಯ ಜನಾಂಗೀಯ ತಾರತಮ್ಯವನ್ನು ಅಳಿಸುವ ಅಂತರರಾಷ್ಟ್ರೀಯ ಒಪ್ಪಂದವನ್ನು ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿತು. ಭಾರತ ಅದನ್ನು 1968ರಲ್ಲಿಯೇ ಅನುಮೋದಿಸಿದೆ. ನಮ್ಮ ಸಂವಿಧಾನದ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಅವರಿಗೂ ದೊರೆತಿದೆ. ಸಾರ್ವಜನಿಕರ ಕಣ್ಣೆದುರು ಅವಮಾನಿಸುವ ಉದ್ದೇಶದಿಂದ ನಿಂದಿಸುವುದು ಆ ಕಾಯ್ದೆಯಡಿ ಅಪರಾಧ. ಹಾಲಕ್ಕಿಗಳನ್ನು ಆ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಹಳೆಯದಾದರೂ ಇನ್ನೂ ಈಡೇರಿಲ್ಲ. ಆದ್ದರಿಂದ ಒಂದೇ ಬಗೆಯ ಮಾತಿನ ಪೆಟ್ಟು ತಿಂದ ಇಬ್ಬರಲ್ಲಿ ಒಬ್ಬರಿಗೆ ಕಾಯ್ದೆ ಸಿಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ.

ಕಾಯ್ದೆ ಇದ್ದಲ್ಲಿಯೂ ಪ್ರಕರಣಗಳು ಬಿದ್ದುಹೋಗುವ ದೊಡ್ಡ ಕಾರಣ ಸಾಕ್ಷಿಗಳು. ಕಂಡದ್ದನ್ನು ಕಂಡಹಾಗೆ ಹೇಳಲು ಅದೇ ಊರಿನಲ್ಲಿ ಬದುಕಬೇಕಾದ ಮನುಷ್ಯನಿಗೆ ಎಷ್ಟು ಧೈರ್ಯ ಬೇಕೆಂಬುದನ್ನು ನ್ಯಾಯಾಲಯದ ಹೊರಗಿನ ಕಟ್ಟೆಯ ಮೇಲೆ ಕುಳಿತು ಕಾಯುವವರ ಮುಖದಲ್ಲಿ ನಾನು ನೋಡಿದ್ದೇನೆ. ತನ್ನ ಜಾತಿಯವರ, ತನ್ನ ಓಣಿಯವರ ವಿರುದ್ಧವಾದರೂ ನಿಂತು ಸಾಕ್ಷಿ ನುಡಿದವರನ್ನು ತಾವು ಗುರುತಿಸಿದರೆ, ಅದು ಈವರೆಗೆ ನಾನೆಲ್ಲಿಯೂ ಕಾಣದ ಗೌರವವಾಗುತ್ತದೆ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ವಿಚಾರಣೆ ನಡೆಯುತ್ತಿರುವ ಪ್ರಕರಣದ ಯಾರನ್ನೂ ಆ ಹಂತದಲ್ಲಿ ವೇದಿಕೆಗೆ ಕರೆಯಬಾರದು; ಎದುರಿನವರು ಅದನ್ನೇ ಹಿಡಿದು ಸಾಕ್ಷ್ಯದ ನಂಬಿಕೆಯನ್ನು ಪ್ರಶ್ನಿಸುತ್ತಾರೆ. ನೊಂದವರ ಹೆಸರನ್ನಾಗಲಿ ಊರನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಪ್ರಶಸ್ತಿ ಪತ್ರದಲ್ಲಿ ಬರೆಯಬಾರದು.

ಕಾಳಿ ಕಣಿವೆ, ಹಳಿಯಾಳ:

ಮೇಲಿನ ಮೂವರೂ ನಮ್ಮ ಬಗ್ಗೆ ಗೌರವದಿಂದ ಬರೆದಿದ್ದೀರಿ, ಅದಕ್ಕೆ ಕೃತಜ್ಞಳಾಗಿದ್ದೇನೆ. ನಾನು ಸಿದ್ದಿ ಸಮುದಾಯದವಳು, ವೃತ್ತಿಯಿಂದ ನರ್ಸ್. ನನಗೆ ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ, ದಯವಿಟ್ಟು ತಾಳ್ಮೆಯಿಂದ ಓದಬೇಕು.

ಅಘನಾಶಿನಿಯವರು ಏನನ್ನು ಮಾಡಲೇಬಾರದು ಎಂದು ಕೇಳಿದ್ದೀರಿ. ಅಲ್ಲಿಂದಲೇ ಆರಂಭಿಸುತ್ತೇನೆ. ಪ್ರಶಸ್ತಿ ಪ್ರದಾನದ ದಿನ ನಮ್ಮವರನ್ನು ಡಮಾಮಿ ಕುಣಿಯಲು ಕರೆಸಬೇಡಿ. ಡಮಾಮಿ ನಮ್ಮ ಹಿರಿಯರ ಕುಣಿತ, ಅದರ ಬಗ್ಗೆ ನನಗೆ ಹೆಮ್ಮೆ ಇದೆ, ನಾನೂ ಕುಣಿದಿದ್ದೇನೆ. ಆದರೆ ಸೌಹಾರ್ದದ ಹೆಸರಿನ ಒಂದು ಸಮಾರಂಭದಲ್ಲಿ ನಡೆದದ್ದನ್ನು ಕೇಳಿ. ನಮ್ಮ ತಂಡವನ್ನು ಬೆಳಿಗ್ಗೆಯೇ ಟೆಂಪೋದಲ್ಲಿ ಕರೆತಂದರು. ಮೈಗೆಲ್ಲ ಸೊಪ್ಪು ಕಟ್ಟಿಕೊಳ್ಳಬೇಕು, ಮುಖಕ್ಕೆ ಬಿಳಿ ಬಣ್ಣದ ಗೆರೆ ಎಳೆದುಕೊಳ್ಳಬೇಕು ಎಂದು ಸಂಘಟಕರೇ ಹೇಳಿದರು. ನಮ್ಮ ಅಜ್ಜಿಯರು ಸೀರೆಯುಟ್ಟು ಕುಣಿಯುವವರು ಎಂದು ಹೇಳಿದರೆ, ಹಾಗಾದರೆ ನೋಡಲು ಚೆನ್ನಾಗಿರುವುದಿಲ್ಲ ಎಂಬ ಉತ್ತರ ಬಂತು. ಅಂದು ಬುಡಕಟ್ಟು ಜನರ ಸೇವೆಗಾಗಿ ಸನ್ಮಾನ ಪಡೆದವರಲ್ಲಿ ಬುಡಕಟ್ಟಿನವರು ಒಬ್ಬರೂ ಇರಲಿಲ್ಲ. ಮಧ್ಯಾಹ್ನ ಅತಿಥಿಗಳಿಗೆ ಒಳಗೆ ಬಾಳೆಎಲೆಯ ಊಟವಾಯಿತು, ನಮಗೆ ಟೆಂಪೋದ ಹತ್ತಿರ ಪೊಟ್ಟಣಗಳನ್ನು ತಂದುಕೊಟ್ಟರು. ನನ್ನ ಅಜ್ಜಿ ಆ ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡು ಊರಿಗೆ ಬಂದರು. ಅಲ್ಲಿದ್ದ ಯಾರೂ ಕೆಟ್ಟವರಲ್ಲ ಎಂಬುದು ನನಗೆ ಗೊತ್ತು. ಕೆಟ್ಟವರಲ್ಲದವರಿಂದಲೇ ಇದು ಆಗುತ್ತದೆಂಬ ಕಾರಣಕ್ಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮನ್ನು ಗುರುತಿಸುವುದು ಎಂದರೆ ನಮ್ಮ ಮೈಯನ್ನು ಗುರುತಿಸುವುದು ಎಂದಾಗಿದ್ದು ಇದು ಮೊದಲೇನಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಆಫ್ರಿಕನ್ ಮೂಲದವರಾದ್ದರಿಂದ ಓಟದಲ್ಲಿ ಪದಕ ತರುತ್ತಾರೆಂಬುದು ಅದರ ಹಿಂದಿನ ನಂಬಿಕೆ. ಆ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ತಂದರು. 1993ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು, ಅರ್ಧದಲ್ಲಿ ಶಾಲೆಯನ್ನೂ ಊರನ್ನೂ ಬಿಟ್ಟು ಹೋಗಿದ್ದ ಹಲವರು ಮರಳಿ ಬಂದು ಕೂಲಿ ಹಿಡಿದರು. ಕೆಲವರಿಗೆ ಕ್ರೀಡಾ ಮೀಸಲಾತಿಯಲ್ಲಿ ನೌಕರಿ ಸಿಕ್ಕಿತು ಎಂಬುದೂ ನಿಜ, ಆ ನೌಕರಿಗಳಿಂದ ಕೆಲವು ಮನೆಗಳು ಮೇಲೆದ್ದವು. ಆದರೂ ಓಡದ, ಕುಣಿಯದ ಸಿದ್ದಿಯನ್ನು ಯಾರು ನೋಡಿದರು?

ಪದ್ಮಶ್ರೀ ಪಡೆದ ಅಂಕೋಲೆಯ ಹಾಲಕ್ಕಿ ಅಜ್ಜಿಯರ ವಿಷಯದಲ್ಲಿಯೂ ನನಗೆ ಇದೇ ಅನಿಸಿದೆ. ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದವರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಿದರೆ ಸಸಿ ಚೆನ್ನಾಗಿ ಏಳುತ್ತದೆಂಬ ಅವರ ತಿಳಿವಳಿಕೆಗೆ ದೇಶ ತಲೆಬಾಗಿತು. ಆದರೆ 2021ರಲ್ಲಿ ಅವರು ರಾಷ್ಟ್ರಪತಿ ಭವನಕ್ಕೆ ಹೋದಾಗ ಜನ ಹೆಚ್ಚು ಮಾತಾಡಿದ್ದು ಬರಿಗಾಲಿನ ಬಗ್ಗೆ, ಉಡುಗೆಯ ಬಗ್ಗೆ. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಹಾಡಿನ ಕಣಜವಾಗಿದ್ದಂತೆಯೇ ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರು. ಹಾಡು ಎಲ್ಲರಿಗೂ ಗೊತ್ತು, ಹೋರಾಟ ಕೆಲವರಿಗಷ್ಟೇ ಗೊತ್ತು. ಇಬ್ಬರೂ ಈಗ ನಮ್ಮೊಂದಿಗಿಲ್ಲ. ತಾವು ಯಾರಿಗೆ ಪ್ರಶಸ್ತಿ ಕೊಟ್ಟರೂ ಅವರು ಮಾಡಿದ ಕೆಲಸವನ್ನು ಮೊದಲು ಹೇಳಿ, ಅವರು ಯಾವ ಜನ ಎಂಬುದನ್ನು ಆಮೇಲೆ ಹೇಳಿ.

ಇನ್ನು ಆಯ್ಕೆ. ಅವಮಾನ ಎಲ್ಲಿ ಆಗುತ್ತದೆ, ಅದು ಎಲ್ಲಿ ಕಡಿಮೆಯಾಗಿದೆ ಎಂಬುದು ಅದನ್ನು ಉಂಡವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಾಗದು. ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಅವನಿಗೆ ಪಾಸ್‌ಪೋರ್ಟ್ ತೋರಿಸು ಎನ್ನುತ್ತಾರೆ. ಕನ್ನಡದಲ್ಲಿ ಮಾತನಾಡಿದರೆ ಇಷ್ಟು ಬೇಗ ಹೇಗೆ ಕಲಿತೆ ಎಂದು ಮೆಚ್ಚುತ್ತಾರೆ. ಕೊನೆಗೆ ಮನೆ ಕೊಟ್ಟ ಹಿರಿಯ ಹೆಂಗಸು ಕೇಳಿದ್ದು ಮುಂಗಡ ಎಷ್ಟು ಕೊಡಬಲ್ಲೆ ಎಂಬುದನ್ನು ಮಾತ್ರ. ನನ್ನ ಪ್ರಕಾರ ಪ್ರಶಸ್ತಿ ಆ ತಾಯಿಗೆ ಸಲ್ಲಬೇಕು, ಆದರೆ ಇದನ್ನು ನನ್ನ ತಮ್ಮನನ್ನು ಕೇಳದೆ ಯಾವ ಸಮಿತಿ ಹೇಗೆ ತಿಳಿದೀತು?

ಹಾಗಾಗಿ ಆಯ್ಕೆ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿದ್ದಿ, ಹಾಲಕ್ಕಿ, ಕುಣಬಿ, ಗೌಳಿ ಮತ್ತು ದಲಿತ ಕೇರಿಗಳವರಿರಲಿ, ಅವರಲ್ಲಿ ಹೆಂಗಸರಿರಲಿ, ಅವರ ಬಸ್ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಬಳಗವೇ ಕೊಡಲಿ. ಅರ್ಜಿ ನಮೂನೆಯನ್ನು ಮೊಬೈಲಿನಲ್ಲಿ ಕಳಿಸಿ ಕಾಯುತ್ತ ಕೂತರೆ ತಮಗೆ ಸಿಗುವುದು ಅರ್ಜಿ ತುಂಬಲು ಬಲ್ಲವರ ಹೆಸರುಗಳಷ್ಟೇ. ಇಬ್ಬರು ಕೇರಿಗೆ ಬಂದು ಕೇಳಲಿ: ನಿಮ್ಮನ್ನು ಸರಿಸಮವಾಗಿ ನಡೆಸಿಕೊಂಡವರು ಯಾರು, ಅದಕ್ಕಾಗಿ ಅವರು ಏನನ್ನು ಕಳೆದುಕೊಂಡರು? ಇನ್ನೊಂದು ಕೋರಿಕೆ ಇದೆ. ಪ್ರಶಸ್ತಿ ಎಂದರೆ ಮೇಲಿನವರು ಕೆಳಗಿನವರಿಗೆ ತೋರಿದ ದಯೆಗೆ ಎಂದು ಯಾರೂ ತಿಳಿಯದಿರಲಿ. ಯಲ್ಲಾಪುರದ ಕಡೆ ಸಿದ್ದಿನಾಸ ದೇವರ ಹಬ್ಬಕ್ಕೆ ನಮ್ಮಲ್ಲಿನ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಸೇರುತ್ತಾರೆ. ಹೀಗೆ ಒಟ್ಟಾಗಿರುವುದನ್ನು ನಮಗೆ ಹೊರಗಿನವರು ಕಲಿಸಿದ್ದಲ್ಲ.

ಕುಮಟಾದವ, ಈಗ ಬ್ರಿಟಿಷ್ ಕೊಲಂಬಿಯಾ:

ಕಾಳಿ ಕಣಿವೆಯ ಸಹೋದರಿಯ ಬರಹವನ್ನು ಓದಿದ ಮೇಲೆ ನಾನು ಹೇಳಬೇಕೆಂದುಕೊಂಡಿದ್ದು ಸಣ್ಣದೆನಿಸಿತು, ಆದರೂ ಉಪಯೋಗವಾದೀತೆಂದು ಬರೆಯುತ್ತೇನೆ. ಕೆನಡಾದಲ್ಲಿ ಇಂಥ ಪ್ರಶಸ್ತಿಗಳಿಗೆ ಒಂದು ಪರಂಪರೆಯೇ ಇದೆ. ಲಿಂಕನ್ ಅಲೆಕ್ಸಾಂಡರ್ ಎಂಬವರು 1968ರಲ್ಲಿ ಇಲ್ಲಿನ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯರು; 1985ರಿಂದ 1991ರವರೆಗೆ ಒಂಟಾರಿಯೋ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದರು. ಅವರ ಹೆಸರಿನಲ್ಲಿ ಒಂಟಾರಿಯೋ 1993ರಲ್ಲಿ ಆರಂಭಿಸಿದ ಪ್ರಶಸ್ತಿ, ಜನಾಂಗೀಯ ತಾರತಮ್ಯವನ್ನು ಅಳಿಸಲು ಮುಂದಾದ 16ರಿಂದ 25 ವರ್ಷದೊಳಗಿನ ಯುವಕ ಯುವತಿಯರಿಗೆ ಮೀಸಲು. ನಮ್ಮ ಜಿಲ್ಲೆಯಲ್ಲಿ ಪ್ರಶಸ್ತಿಯೆಂದರೆ ತಲೆ ನರೆತ ಮೇಲೆ ಸಿಗುವಂಥದು ಎಂಬ ಭಾವನೆ ಗಟ್ಟಿಯಾಗಿದೆ. ಕಾಲೇಜಿನ ಹಾಸ್ಟೆಲಿನಲ್ಲಿ ಗೆಳೆಯನಿಗಾದ ಅವಮಾನವನ್ನು ಎದುರಿಸಿ ನಿಂತ ಹುಡುಗಿಗೆ ಆ ವಯಸ್ಸಿನಲ್ಲಿಯೇ ಬೆನ್ನು ತಟ್ಟಿದರೆ, ಅವಳ ಮುಂದಿನ ವರ್ಷಗಳಿಗೆ ಅದು ಬಲವಾಗುತ್ತದೆ.

ನಾನಿರುವ ಪ್ರಾಂತ್ಯದ ಸರಕಾರವೂ ಪ್ರತಿ ವರ್ಷ ಬಹುಸಂಸ್ಕೃತಿ ಮತ್ತು ವರ್ಣಭೇದ ವಿರೋಧದ ಪ್ರಶಸ್ತಿಗಳನ್ನು ಕೊಡುತ್ತದೆ. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ವಿಭಾಗಗಳು: ಸಂಸ್ಥೆಗಳೊಳಗಿನ ಅಡೆತಡೆಗಳನ್ನು ಮುರಿದವರು, ಬೇರೆ ಬೇರೆ ಜನರ ನಡುವೆ ವಿಶ್ವಾಸ ಬೆಳೆಸಿದವರು, ಎಳೆಯ ವಯಸ್ಸಿನ ಮುಂದಾಳುಗಳು ಎಂದು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಮನೆ ಬಾಡಿಗೆಗೆ ಕೊಟ್ಟ ತಾಯಿಯನ್ನೂ, ನೇಮಕಾತಿಯ ನಿಯಮವನ್ನೇ ಬದಲಿಸಿದ ಸಹಕಾರಿ ಸಂಘವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಕಷ್ಟ ಇದರಿಂದ ತಪ್ಪುತ್ತದೆ.

ವಕೀಲರು ಹೇಳಿದ ಎಚ್ಚರಿಕೆಗೆ ಇನ್ನೊಂದನ್ನು ಸೇರಿಸುತ್ತೇನೆ. ಪ್ರಾಯೋಜಕರಿಗೆ ಪ್ರಶಸ್ತಿ ಕೊಡಬೇಡಿ. ಹಣ ಕೊಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಅದೇ ವೇದಿಕೆಯಲ್ಲಿ ಸನ್ಮಾನವಾದರೆ ಮರುವರ್ಷದಿಂದ ಜನ ಆ ಪ್ರಶಸ್ತಿಯನ್ನು ನಂಬುವುದಿಲ್ಲ.

ಅಘನಾಶಿನಿ, ಶಿರಸಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಈ ಬರಹಗಳನ್ನು ನಿನ್ನೆ ಸಂಜೆ ಬಳಗದ ಸಭೆಯಲ್ಲಿ ಪೂರ್ತಿಯಾಗಿ ಓದಿ ಹೇಳಿದೆ. ಉದ್ಘಾಟನೆಗೆ ಜಾನಪದ ತಂಡವೊಂದನ್ನು ಕರೆಸುವ ವಿಚಾರ ಕರಡು ಕಾರ್ಯಕ್ರಮ ಪಟ್ಟಿಯಲ್ಲಿತ್ತು, ಅದನ್ನು ಕೈಬಿಡಲಾಯಿತು. ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ, ಬಡಿಸುವವರು ಬಳಗದ ಪದಾಧಿಕಾರಿಗಳು ಎಂದು ಠರಾವಿನಲ್ಲಿಯೇ ಬರೆದುಕೊಂಡಿದ್ದೇವೆ.

ಯುವಜನರಿಗೆ ಒಂದು, ಊರಿನ ನಡಾವಳಿ ಬದಲಿಸಿದ ವ್ಯಕ್ತಿಗೆ ಅಥವಾ ಮನೆಗೆ ಒಂದು, ಹೀಗೆ ಎರಡು ಪ್ರಶಸ್ತಿಗಳಿಂದ ಆರಂಭಿಸಲು ಒಪ್ಪಿಗೆಯಾಗಿದೆ. ಸಾಕ್ಷಿ ನುಡಿದವರ ವಿಚಾರದಲ್ಲಿ ಪ್ರಕರಣ ಮುಗಿದ ಮೇಲೆ ಮಾತ್ರ, ಅವರ ಒಪ್ಪಿಗೆಯಿಂದ ಮಾತ್ರ ಮುಂದುವರಿಯುತ್ತೇವೆ. ದಿನಾಂಕಕ್ಕೆ ಫೆಬ್ರವರಿಯ ಕೊನೆಯ ಭಾನುವಾರವನ್ನು ಯೋಚಿಸುತ್ತಿದ್ದೇವೆ. ಸಮಿತಿಯ ಬಗ್ಗೆ ಚರ್ಚೆ ಬಿಸಿಯಾಯಿತು. ಹಣ ಹಾಕುವವರು ನಾವು, ಬಹುಮತ ನಮ್ಮದಲ್ಲದಿದ್ದರೆ ಹೇಗೆ ಎಂದು ಹಿರಿಯರೊಬ್ಬರು ಕೇಳಿದರು. ಕೊನೆಗೆ ಏಳು ಜನರಲ್ಲಿ ನಾಲ್ವರು ಕೇರಿಗಳವರು ಎಂಬುದಕ್ಕೆ ಬಹುಮತ ಸಿಕ್ಕಿತು, ಸರ್ವಾನುಮತ ಸಿಗಲಿಲ್ಲ. ಕಾಳಿ ಕಣಿವೆಯವರೇ, ಆ ನಾಲ್ವರಲ್ಲಿ ತಾವೊಬ್ಬರಾಗಲು ಒಪ್ಪುವಿರಾ?

ಕಾಳಿ ಕಣಿವೆ, ಹಳಿಯಾಳ:

ನನಗಿಂತ ಮೊದಲು ಅಡುಗೆಯ ಅಕ್ಕನನ್ನು ಕೇಳಿ. ಮಾಸ್ತರರು ಬರೆದ ಶಾಲೆಯಲ್ಲಿ ಅಕ್ಕೋರ ಪಕ್ಕದಲ್ಲಿ ಕುಳಿತು ಉಂಡವರು ಈಗಲೂ ಇದ್ದರೆ, ಅಥವಾ ಅವರಂತೆ ಬೇರೆ ಶಾಲೆಗಳಲ್ಲಿ ಆ ಮೊದಲ ದಿನಗಳನ್ನು ಕಳೆದವರು ಯಾರಾದರೂ ಸಿಕ್ಕರೆ, ಸಮಿತಿಯ ಮೊದಲ ಹೆಸರು ಅವರದಾಗಲಿ. ಅವರು ಒಪ್ಪಿದ ಮೇಲೆ ನಾನೂ ಬರುತ್ತೇನೆ. ಸಭೆಯನ್ನು ಭಾನುವಾರವೇ ಇಡಿ, ಆಸ್ಪತ್ರೆಯ ಪಾಳಿಯನ್ನು ಬದಲಿಸಿಕೊಳ್ಳಲು ನನಗೆ ವಾರ ಮೊದಲೇ ತಿಳಿಸಿ. ಮತ್ತು ಮೊದಲ ಸಭೆ ಶಿರಸಿಯಲ್ಲಿ ಬೇಡ, ಯಾವುದಾದರೂ ಕೇರಿಯ ಅಂಗನವಾಡಿ ಕಟ್ಟಡದಲ್ಲಿ ಆಗಲಿ. ಬಹುಮತವನ್ನು ಪ್ರಶ್ನಿಸಿದ ಆ ಹಿರಿಯರನ್ನೂ ತಪ್ಪದೆ ಕರೆತನ್ನಿ.